ಸಿಲ್ವರ್ ಓಕ್‌ನಲ್ಲಿ ಸೆಮಿ-ಹಾಲೋ ಗಿಟಾರ್ ಬಾಡಿ: ಟಾಪ್ ಅಂಟಿಸುವ ಮುಂಚೆ

ಸೆಮಿ-ಹಾಲೋ ಬಾಡಿ, ಅಂದರೆ ನಡುವೆ ಗಟ್ಟಿಯಾಗಿ ಎರಡೂ ಬದಿ ಟೊಳ್ಳಾಗಿರುವ ಗಿಟಾರ್ ಒಡಲು, ಕೆಡುವುದು ಬಹುಮಟ್ಟಿಗೆ ಟಾಪ್ (ಮೇಲಿನ ತೆಳು ಹಲಗೆ) ಅಂಟಿಸುವ ಮುಂಚೆಯೇ. ಗೊತ್ತಾಗುವುದು ಮಾತ್ರ ಅಂಟಿಸಿದ ಮೇಲೆ!

1958ರ ಗಿಬ್ಸನ್ ಇಎಸ್-335ರಂತೆ ಪ್ಲೈ ಬಗ್ಗಿಸಿ ಮಧ್ಯೆ ಮೇಪಲ್ ದಿಮ್ಮಿ ಕೂರಿಸಲು ಅಚ್ಚು, ಪ್ರೆಸ್ ಎರಡೂ ಬೇಕು. ಮನೆಯಲ್ಲಿ ಆಗುವಂಥದ್ದು 1968ರ ಫೆಂಡರ್ ಥಿನ್‌ಲೈನ್ ದಾರಿ, ಅಂದರೆ ಗಟ್ಟಿ ಹಲಗೆಯನ್ನೇ ಕೊರೆದು ಮುಚ್ಚುವುದು. ಅವರು ಹಿಂದಿನಿಂದ ಕೊರೆದಿದ್ದರು. ಮುಂದಿನಿಂದ ಕೊರೆದರೆ ಟಾಪ್‌ಗೆ ಬೇರೆ ಚೆಂದದ ಮರ ಹಾಕಬಹುದು.

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಇದಕ್ಕೆ ಸಾಕು. ವೀಣೆಗೆ ಬಳಸುವ ಹಲಸೂ ಆಗುತ್ತದೆ. ಸಮಸ್ಯೆ ಇರುವುದು ತೇವದಲ್ಲಿ. ಸಾಮಿಲ್‌ನಲ್ಲಿ ಕೊಯ್ಸಿದ ಹಲಗೆಯ ಎರಡೂ ತುದಿಗೆ ಬಣ್ಣ ಬಳಿದು, ನಡುವೆ ರೀಪು ಕೊಟ್ಟು ಅಟ್ಟದಲ್ಲಿ ಪೇರಿಸಿಡಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅಂತ ಲೆಕ್ಕ. ತೇವ ಶೇ. 12ಕ್ಕಿಂತ ಕೆಳಗಿರಬೇಕು. ಮೀಟರ್ ಇಲ್ಲದಿದ್ದರೆ ವಾರಕ್ಕೊಮ್ಮೆ ತೂಗಿ, ಇಳಿಯುವುದು ನಿಂತ ಮೇಲೆ ಬೇಸಿಗೆಯಲ್ಲಿ ಕೆಲಸ ಶುರುಮಾಡಿ. ಮಳೆಗಾಲದಲ್ಲಿ ಅಂಟಿಸಿದ ತೆಳು ಟಾಪ್ ಬೇಸಿಗೆಗೆ ಕುಗ್ಗಿ, ಎರಡು ತುಂಡು ಸೇರುವ ನಡುಜಾಯಿಂಟ್‌ನಲ್ಲಿ ಸೀಳುತ್ತದೆ. ಸಿಲ್ವರ್ ಓಕ್ ಧೂಳು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಮಾಸ್ಕ್, ತುಂಬುತೋಳಿನ ಅಂಗಿ ಇರಲಿ.

ಹಲಗೆ 38 ಮಿ.ಮೀ., ಟಾಪ್ 6 ಮಿ.ಮೀ. ಒಟ್ಟು 44. ಮಧ್ಯರೇಖೆಯ ಆಚೀಚೆ ತಲಾ 50 ಮಿ.ಮೀ. ಕೊರೆಯದೆ ಬಿಡಿ, ಅಂಚಿನಲ್ಲಿ 18, ತಳದಲ್ಲಿ 6. ನೆಕ್ (ಬೆರಳಿಟ್ಟು ತಂತಿ ಒತ್ತುವ ಉದ್ದ ಹಿಡಿ) ಕೂರುವ ಜಾಗದ ಸುತ್ತಲೂ ಗಟ್ಟಿ ಮರವೇ ಇರಬೇಕು. ಮೊದಲು ಫೋರ್ಸ್ಟ್‌ನರ್ ಬಿಟ್‌ನಲ್ಲಿ (ಸಪಾಟು ತಳದ ಅಗಲ ತೂತು ಹೊಡೆಯುವ ಡ್ರಿಲ್ ಬಿಟ್) ತೂತು ಹೊಡೆದು ಹೆಚ್ಚಿನ ಮರ ತೆಗೆಯಿರಿ. ಕೊರೆಯಬೇಕಾದ್ದು 32 ಮಿ.ಮೀ. ಆದರೂ ಇಲ್ಲಿ 28ಕ್ಕೇ ನಿಲ್ಲಿಸಿ, ಯಾಕೆಂದರೆ ಬಿಟ್‌ನ ನಡುಮೊನೆ ಮುಂದೆ ಚಾಚಿಕೊಂಡು ತಳ ತೂತು ಮಾಡುತ್ತದೆ. ಉಳಿದದ್ದನ್ನು ಎಂಡಿಎಫ್ ಟೆಂಪ್ಲೇಟ್ ಇಟ್ಟು ಬೇರಿಂಗ್ ಇರುವ ರೂಟರ್ ಬಿಟ್‌ನಲ್ಲಿ, ಒಂದು ಸಲಕ್ಕೆ 4 ಮಿ.ಮೀ.ನಂತೆ ತೆಗೆಯಿರಿ. ಆತುರಪಟ್ಟರೆ ಮರ ಕರಕಲಾಗುತ್ತದೆ, ಹಾರ್ನ್ (ನೆಕ್ ಪಕ್ಕದ ಕೊಂಬಿನಂಥ ಭಾಗ) ತಿರುವಿನಲ್ಲಿ ಚಕ್ಕೆ ಏಳುತ್ತದೆ.

ವೈರಿಂಗ್ ದಾರಿಗಳೇ ಎಲ್ಲರೂ ಮರೆಯುವಂಥವು. ಕಂಟ್ರೋಲ್ ಇರುವ ಟೊಳ್ಳಿನಿಂದ ಪ್ರತಿ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಜಾಗಕ್ಕೆ 8 ಮಿ.ಮೀ. ತೂತು, ಬ್ರಿಜ್ (ಬಾಡಿಯ ಮೇಲೆ ತಂತಿಗಳಿಗಿರುವ ಆಧಾರ) ಕೆಳಗೆ ಅರ್ಥ್ ವೈರ್‌ಗೆ 3 ಮಿ.ಮೀ. ಪಾಟ್‌ಗಳನ್ನು (ವಾಲ್ಯೂಮ್, ಟೋನ್ ತಿರುಗಿಸುವ ಬಿಡಿಭಾಗ) ಎಫ್-ಹೋಲ್‌ನಿಂದ, ಅಂದರೆ ಟಾಪ್‌ನ ಎಫ್ ಆಕಾರದ ತೂತಿನಿಂದ, ದಾರ ಕಟ್ಟಿ ಎಳೆಯುವುದು ಶಿಕ್ಷೆ. ಹಿಂಬದಿಯಲ್ಲಿ ಕಿಂಡಿ ಕೊರೆದು ಮುಚ್ಚಳ ಕೊಡಿ. ಎಫ್-ಹೋಲನ್ನೂ ಈಗಲೇ ಕತ್ತರಿಸಿ. ಮೊನೆಗಳಿಗೆ ಮೊದಲೇ ತೆಳು ಸೂಪರ್ ಗ್ಲೂ ಕುಡಿಸಿದರೆ ಮುರಿಯುವುದು ತಪ್ಪುತ್ತದೆ.

ಅಂಟಿಗೆ ಫೆವಿಕಾಲ್ ಮರೀನ್, ತೆಳುವಾಗಿ. ಟಾಪ್ ಜಾರದಂತೆ, ಮುಂದೆ ಪಿಕಪ್‌ಗೆ ಕೊರೆದು ಹೋಗುವ ಜಾಗದಲ್ಲಿ ತಲೆ ಕತ್ತರಿಸಿದ ಎರಡು ಮೊಳೆ ನಿಲ್ಲಿಸಿ. ಅಂಚಿನ ಸುತ್ತ ಕ್ಲಾಂಪ್ ಸಾಲದು. ಕೊರೆಯದೆ ಬಿಟ್ಟ ನಡುದಿಮ್ಮಿಗೆ ಟಾಪ್ ಒತ್ತಲು ಕೆಳಮುಖ ಸ್ವಲ್ಪ ಉಬ್ಬಿರುವ ಗಟ್ಟಿ ಪಟ್ಟಿ ಇಟ್ಟು ಎರಡೂ ತುದಿ ಬಿಗಿಯಿರಿ. ಅಲ್ಲಿ ಅಂಟು ಹಿಡಿಯದಿದ್ದರೆ ಕೆಲವು ಸ್ವರಗಳಿಗೆ ಟಾಪ್ ಗುಂಯ್‌ಗುಡುತ್ತದೆ.

ನೆಕ್ ಪಾಕೆಟ್ (ನೆಕ್ ಕೂರುವ ಗುಳಿ) 16 ಮಿ.ಮೀ. ಆಳ, ಟೆಂಪ್ಲೇಟನ್ನು ಕೈಯಲ್ಲಿರುವ ನೆಕ್ ಇಟ್ಟೇ ಮಾಡಿ, ಅಂತರ್ಜಾಲದ ನಕ್ಷೆ ನಂಬಬೇಡಿ. ನಟ್‌ನಿಂದ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) 12ನೇ ಫ್ರೆಟ್‌ವರೆಗಿನ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ದೂರದ ಎರಡರಷ್ಟು ಸ್ಕೇಲ್, ಅಂದರೆ ತಂತಿಯ ಮೀಟುವ ಉದ್ದ. ಬ್ರಿಜ್ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ತುಂಡು) ನಟ್‌ನಿಂದ ಅಷ್ಟು ದೂರಕ್ಕೆ ಬರಬೇಕು, ದಪ್ಪ ತಂತಿಯದು ಒಂದಿಷ್ಟು ಹಿಂದಕ್ಕೆ. ಸ್ಕ್ರೂ ತೂತು ಹೊಡೆಯುವ ಮುನ್ನ ಎರಡೂ ಇ ತಂತಿಗಳ ಜಾಗದಲ್ಲಿ ದಾರ ಎಳೆದು, ಫ್ರೆಟ್‌ಬೋರ್ಡ್‌ನ ಎರಡೂ ಅಂಚಿಗೆ ಸಮದೂರ ಇದೆಯೇ ನೋಡಿಕೊಳ್ಳಿ.