ಹಳ್ಳದ ಪಕ್ಕದ ಹೋಂಸ್ಟೇ: ಮಳೆಗಾಲದ ಸರ್ವೆ ಅಪ್‌ಡೇಟ್

ಹೊಸಬರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ, ಸಾಗರದ ಹತ್ರ ನಮ್ಮ ಭಾವ ಹೋಂಸ್ಟೇ ಕಟ್ಸೋಕೆ ಹೊರಟಿದಾರೆ, ಜಾಗದ ಮೇಲ್ಗಡೆ ಕಾನು, ಕೆಳಗೆ ಹಳ್ಳ, ಹಳ್ಳದ ಆಚೆ ಅಡಿಕೆ ತೋಟ. ಕಟ್ಟೋಕೆ ಮುಂಚೆ ಅಲ್ಲಿ ಏನೇನಿದೆ ಅಂತ ಬರ್ದಿಡೋದು ನನ್ನ ಕೆಲಸ. ಬೇಸಿಗೇಲಿ ಮರದ ಲೆಕ್ಕ ಮುಗೀತು, ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪ್ ಸುತ್ತಿ ಅಳೆದಿದ್ದು. ಹೆಬ್ಬಲಸು, ಉಪ್ಪಾಗೆ, ಧೂಪ, ದಡದಲ್ಲಿ ಎರಡು ಹಳೇ ಅಪ್ಪೆಮಿಡಿ. ಕಡಿಯೋಕೆ ಗುರುತು ಹಾಕಿರೋದು ನಾಲ್ಕೇ ಮರ, ನಾಲ್ಕೂ ಸಪೂರದವು. ಕಾಗದದ ಮೇಲೆ ನೋಡಿದ್ರೆ ತಕರಾರಿಗೆ ಜಾಗಾನೇ ಇಲ್ಲ.

ಮಳೆ ಹಿಡಿದ್ಮೇಲೆ ಆ ಲೆಕ್ಕ ಎಷ್ಟು ಸಾಲದು ಅಂತ ಗೊತ್ತಾಯ್ತು.

ಏಪ್ರಿಲ್‌ನಲ್ಲಿ ಬರೀ ಕಲ್ಲು ಕಾಣ್ತಿದ್ದ ಹಳ್ಳದಲ್ಲಿ ಈಗ ಕಲ್ಲಿನ ಸಂದಿಗೊಂದು ಗುಂಡಿ ನೀರು ನಿಂತಿದೆ, ರಾತ್ರಿ ಕಾಲಿಗೆ ಸುಣ್ಣ ಹೊಗೆಸೊಪ್ಪು ಹಚ್ಕೊಂಡು ಟಾರ್ಚ್ ಹಿಡ್ಕೊಂಡು ಇಳಿದ್ರೆ ಉಂಬಳ (ಕಾಡಿನ ಜಿಗಣೆ) ಆದ್ರೂ ಹತ್ತೇ ಹತ್ತುತ್ತೆ, ಆದ್ರೆ ಕಪ್ಪೆ ಕೂಗು ಕೇಳ್ತಾ ಅದೆಲ್ಲ ಮರೆತೇ ಹೋಗುತ್ತೆ. ಒಂದು ಗುಂಡಿ ಮೇಲೆ ಬಾಗಿರೋ ಕಡ್ಡಿಗೆ ಮೊಟ್ಟೆ ಅಂಟಿತ್ತು, ಮೇಲೆ ತೆಳ್ಳಗೆ ಮಣ್ಣು ಮೆತ್ತಿತ್ತು, ಯಾರೋ ಬೆರಳಲ್ಲಿ ಸವರಿದ ಹಾಗೆ. ಕುಂಬಾರ ಕಪ್ಪೆ! ಗಂಡು ಹಿಂಗಾಲ ಮೇಲೆ ನಿಂತು ಮುಂಗೈಯಲ್ಲಿ ಮಣ್ಣು ತಗೊಂಡು ಮೊಟ್ಟೆಗೆ ಮೆತ್ತುತ್ತೆ. ಇದನ್ನ ಹೊಸ ಜಾತಿ ಅಂತ ವಿಜ್ಞಾನಿಗಳು ದಾಖಲೆ ಮಾಡಿದ್ದೇ 2014ರಲ್ಲಿ, ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಿಂದ. ಗೊದಮೊಟ್ಟೆ ಹೊರಗೆ ಬಂದು ಬೀಳೋದು ಕೆಳಗಿನ ಅದೇ ಗುಂಡಿಗೆ.

ಇನ್ನೊಂದು ಕಡೆ ರಸ್ತೆಗೆ ಅಂತ ಜೆಸಿಬಿ ಧರೆ, ಅಂದ್ರೆ ಇಳಿಜಾರಿನ ಮಣ್ಣಿನ ದಿಬ್ಬ, ಕಡಿದು ಬಿಟ್ಟಿದೆ, ಒಂದು ಜೋರು ಮಳೆಗೆ ಆ ಕೆಮ್ಮಣ್ಣೆಲ್ಲ ನೇರ ಹಳ್ಳಕ್ಕೆ. ಧರೆಯಿಂದ ಮೇಲೊಂದು, ಕೆಳಗೊಂದು ಬಾಟ್ಲಿ ನೀರು ತುಂಬಿ ರಾತ್ರಿಯಿಡೀ ಅಲುಗಾಡಿಸ್ದೆ ಜಗುಲೀಲಿ ಇಟ್ಟೆ. ಬೆಳಿಗ್ಗೆ ಮೇಲಿನ ನೀರಿನ ತಳದಲ್ಲಿ ನಾಲ್ಕು ಕಾಳು ಮರಳು, ಕೆಳಗಿನದ್ರಲ್ಲಿ ಬೆರಳು ದಪ್ಪ ಕೆಸರು. ಕಲ್ಲಿನ ಸಂದಿ ಹೀಗೆ ತುಂಬ್ತಾ ಹೋದ್ರೆ ಗುಂಡಿ ಎಲ್ಲಿ ಉಳಿಯುತ್ತೆ.

"ಮರ ಕಡೀತಿಲ್ಲ ಅಲ್ವೇನೋ, ಇನ್ನೇನು ನಿಂದು" ಅಂತಿದ್ದ ಭಾವ ಬಾಟ್ಲಿ ನೋಡಿ ಸುಮ್ನಾದ್ರು. ಈಗ ಒಪ್ಪಿರೋದು: ಹೊಸ ರಸ್ತೆ ಬೇಡ, ಮೇಲಿನ ಹಳೇ ಗಾಡಿ ದಾರೀನೇ ಸಾಕು, ಮಣ್ಣಿನ ಕೆಲಸ ಏನಿದ್ರೂ ದೀಪಾವಳಿ ಆದ್ಮೇಲೆ, ಕಡಿದ ಧರೆ ಕೆಳಗೆ ಅಗಳ ತೆಗೆದು ನೀರು ಹಳ್ಳಕ್ಕೆ ಸೇರೋ ಮುಂಚೆ ಕೆಸರು ಇಳಿಯೋಕೆ ಗುಂಡಿ. 2006ರ ಇಐಎ (ಪರಿಸರದ ಮೇಲಾಗೋ ಪರಿಣಾಮದ ಅಂದಾಜು) ಅಧಿಸೂಚನೆ ಪ್ರಕಾರ ಕಟ್ಟಡಕ್ಕೆ ಪರಿಸರ ಅನುಮತಿ ಬೇಕಾಗೋದು 20,000 ಚದರ ಮೀಟರ್‌ನಿಂದ ಮೇಲಕ್ಕೆ, ನಮ್ಮ ಕಡೆ ಹೋಂಸ್ಟೇ ಒಂದೂ ಆ ಲೆಕ್ಕಕ್ಕೆ ಬರಲ್ಲ, ಹಾಗಾಗಿ ಇದನ್ನೆಲ್ಲ ಮನೆಯವರೇ ನೋಡ್ಕೋಬೇಕು, ಬೇರೆ ಯಾರೂ ಬಂದು ಕೇಳಲ್ಲ.

ಬಾಕಿ ಇರೋದು ಎರಡು. ಗುರುತು ಹಾಕಿರೋ ನಾಲ್ಕರಲ್ಲಿ ಒಂದು ಮರ ಸಪೂರ ಹೌದು, ಆದ್ರೆ ಕಾನಿಂದ ಹಳ್ಳದ ಮರಗಳಿಗೆ ಕೊಂಬೆ ಕೂಡಿಸೋದು ಅದೊಂದೇ, ಕೆಂದಳಿಲು ದಾಟೋದು ಅದ್ರ ಮೇಲೇನೇ, ನೆಲಕ್ಕಿಳಿಯೋದು ಅದಕ್ಕೆ ಅಪರೂಪ. ಅದನ್ನ ಉಳಿಸೋಕೆ ಅಡುಗೆಮನೆ ಗೋಡೆ ಸ್ವಲ್ಪ ಒಳಗೆ ತಗೋಬೇಕು, ಮೇಸ್ತ್ರಿ ಹತ್ರ ಮಾತಾಡ್ಬೇಕು. ಎರಡನೇದು ಲೈಟು, ಗೆಸ್ಟ್‌ಗಳಿಗೆ ಹಳ್ಳ ಕಾಣ್ಲಿ ಅಂತ ಫ್ಲಡ್‌ಲೈಟ್ ಹಾಕ್ಸೋ ಆಸೆ ಭಾವಂಗೆ ಇನ್ನೂ ಹೋಗಿಲ್ಲ, ನಾನಂತೂ ಒಪ್ಪಲ್ಲ.

ಧರೆಗೆ ಲಾವಂಚ ಹಚ್ಚೋ ಯೋಚನೆ ಇದೆ. ನಮ್ಮಷ್ಟು ಮಳೆ ಬೀಳೋ ಕಡೆ ಯಾರಾದ್ರೂ ಹಚ್ಚಿದ್ರೆ, ಮೊದಲ ಮಳೆಗಾಲದಲ್ಲೇ ಬೇರು ಹಿಡೀತಾ, ಎಷ್ಟು ಹತ್ರ ಹತ್ರ ನೆಟ್ರಿ ಅಂತ ತಿಳಿಸಿ.