ಬೀಗರ ಪಂಕ್ತಿಯಲ್ಲಿ ಮೂರು ರಾಜ್ಯ

2025ರ ಮೇ ತಿಂಗಳಲ್ಲಿ ಭಾಲ್ಕಿಯಲ್ಲಿ ಅಕ್ಕನ ಮಗಳ ಮದುವೆ. ಗಂಡಿನ ಕಡೆಯವರು ಜಹೀರಾಬಾದಿನವರು. ನನ್ನ ತಾಯಿಯ ತವರು ಉದಗೀರ. ನಾನು ಕಲಬುರಗಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುವವನು. ತೆಲಂಗಾಣ, ಮಹಾರಾಷ್ಟ್ರ, ಕರ್ನಾಟಕದವರು ಒಂದೇ ಚಪ್ಪರದ ಕೆಳಗೆ ಕುಳಿತು ಹುಗ್ಗಿ ಉಣ್ಣುವುದು ಬೀದರ್ ಸೀಮೆಯಲ್ಲಿ ಯಾರಿಗೂ ವಿಶೇಷವೆನಿಸುವುದಿಲ್ಲ. ಭಾಷೆಯ ಆಧಾರದ ಮೇಲೆ ರಾಜ್ಯಗಳು ಮರುವಿಂಗಡಣೆಯಾದ 1956ರ ನವೆಂಬರ್ 1ರವರೆಗೆ ಈ ಮೂರೂ ಊರು ಹಳೆಯ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲೇ ಇದ್ದವು. ಅಂದು ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯದ ಪಾಲಾದವು. ಜಹೀರಾಬಾದ್, ನಾರಾಯಣಖೇಡ ಆಂಧ್ರದ ಪಾಲಾದವು. ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಹೆಣ್ಣು ಕೊಡುವುದು, ತರುವುದು ಮಾತ್ರ ಇಂದಿಗೂ ಹಳೆಯ ಜಿಲ್ಲೆಯ ಲೆಕ್ಕದಲ್ಲೇ ನಡೆದಿದೆ.

ಊಟ ಮುಗಿದು ಎಲೆ ಅಡಿಕೆಯ ತಟ್ಟೆ ಬಂತು. ಬೀಗರನ್ನು ಕೆಣಕದೆ ಮದುವೆ ಮುಗಿಸುವುದು ಮರ್ಯಾದೆಯಲ್ಲ ಎಂದು ನಂಬಿದ ವರನ ಕಾಕಾ ಶುರು ಮಾಡಿದರು. "ನಾವಂತೂ ನಮ್ಮ ರಾಜ್ಯ ಕಟ್ಟಿಕೊಂಡೆವು. ನೀವು ಇನ್ನೂ ಏಳು ನೂರು ಕಿಲೋಮೀಟರ್ ಆಚೆಯ ಬೆಂಗಳೂರಿನತ್ತ ಮುಖ ಮಾಡಿ ಕುಳಿತಿದ್ದೀರಿ. ಕಾಯಿಲೆ ಬಿದ್ದರೆ ಮಾತ್ರ ನಮ್ಮ ಹೈದರಾಬಾದ್ ನೆನಪಾಗುತ್ತದೆ, ಹೌದೋ ಇಲ್ಲವೋ ಮಾಸ್ತರರೇ?"

ಇಲ್ಲವೆನ್ನಲು ಬಾಯಿ ಎಲ್ಲಿದೆ? ಬೀದರಿನಿಂದ ಹೈದರಾಬಾದ್ ಸುಮಾರು 140 ಕಿಲೋಮೀಟರ್; ನಮ್ಮ ಮನೆಯ ಹೆರಿಗೆ, ಹೃದಯ, ಮೂಳೆ ಎಲ್ಲದರ ಚಿಕಿತ್ಸೆ ನಡೆದದ್ದು ಅಲ್ಲಿಯೇ. ಅದಕ್ಕೆ ನಾನೇ ಇನ್ನೊಂದು ಸಂಗತಿ ಸೇರಿಸಿದೆ. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರಿದ್ದ ರಾಜ್ಯ ಪುನರ್‌ವಿಂಗಡಣಾ ಆಯೋಗ 1955ರಲ್ಲಿ ಕೊಟ್ಟ ವರದಿಯಲ್ಲಿ ಇಡೀ ಬೀದರ್ ಜಿಲ್ಲೆಯನ್ನು ತೆಲಂಗಾಣದ ಜಿಲ್ಲೆಗಳ ಜೊತೆ ಸೇರಿಸಿ ಪ್ರತ್ಯೇಕ ಹೈದರಾಬಾದ್ ರಾಜ್ಯ ಇರಲಿ ಎಂದು ಶಿಫಾರಸು ಮಾಡಿತ್ತು. ದೆಹಲಿ ಅದನ್ನು ಒಪ್ಪದೆ ಜಿಲ್ಲೆಯನ್ನು ಮೂರು ಭಾಗ ಮಾಡಿತು. ಇದನ್ನು ಕೇಳಿ ಕಾಕಾ ತೊಡೆ ತಟ್ಟಿ ನಕ್ಕರು. "ನೋಡಿದಿರಾ, ನೀವು ನಮ್ಮವರೇ!"

ಉದಗೀರದ ಮಾಮಾನಿಗೆ ಈ ನಗು ಹಿಡಿಸಲಿಲ್ಲ. ಅವರು ಮರಾಠಿ ಶಾಲೆಯಲ್ಲಿ ಓದಿದವರು. ಮನೆಯಲ್ಲಿ ಕನ್ನಡ, ಸಿಟ್ಟಿಗೆ ಮರಾಠಿ. "ರಾಜ್ಯ ಸಿಕ್ಕರೆ ಹೊಟ್ಟೆ ತುಂಬುತ್ತದೆಯೇ? ನಮ್ಮದು ಮುಂಬಯಿ ಇರುವ ರಾಜ್ಯ. 2016ರಲ್ಲಿ ನಮ್ಮ ಲಾತೂರಿಗೆ ಕುಡಿಯುವ ನೀರು ಮೀರಜಿನಿಂದ ರೈಲಿನಲ್ಲಿ ಬಂತು" ಎಂದರು. ನಿಜಾಮನ ಸೀಮೆಯಿಂದ ಮಹಾರಾಷ್ಟ್ರಕ್ಕೆ ಹೋದ ಮರಾಠವಾಡಾದಂಥ ಭಾಗಗಳಿಗೆ ವಿಶೇಷ ಅವಕಾಶ ಕೊಡುವ ಸಂವಿಧಾನದ 371(2)ನೇ ವಿಧಿ ಇದ್ದರೂ ಅಭಿವೃದ್ಧಿ ಮಂಡಳಿ ಹುಟ್ಟಿದ್ದು 1994ರಲ್ಲಿ, ಅದರ ಅವಧಿ ಮುಗಿದದ್ದು 2020ರಲ್ಲಿ. ಆಮೇಲೆ ಏನಾಯಿತೆಂದು ಮುಂಬಯಿಯವರನ್ನೇ ಕೇಳಿ ಎಂದರು.

ಆಗ ನನಗೆ ಹೊಳೆದದ್ದನ್ನು ಪಾಠದ ಪುಸ್ತಕದಲ್ಲಿ ನಾನು ಎಲ್ಲೂ ಕಂಡಿರಲಿಲ್ಲ. ನಿಜಾಮನ ಹೈದರಾಬಾದ್ ರಾಜ್ಯ ಮೂರು ಹೋಳಾಗಿ ಮೂರು ಭಾಷೆಯ ರಾಜ್ಯಗಳನ್ನು ಸೇರಿತು. ಮೂರು ಕಡೆಯೂ ಆ ಹೋಳು ಕಟ್ಟಕಡೆಯ ಪಂಕ್ತಿಯಲ್ಲೇ ಕುಳಿತಿತು. ಮೂರಕ್ಕೂ 371ರ ಒಂದೊಂದು ವಿಧಿ ಬೇಕಾಯಿತು. ಮರಾಠವಾಡಾಕ್ಕೆ 371(2), ತೆಲಂಗಾಣ ಮತ್ತು ಆಂಧ್ರದ ಜಗಳಗಳ ನಂತರ 1973ರಲ್ಲಿ 371ಡಿ, ನಮಗೆ, ಅಂದರೆ ಈಗಿನ ಕಲ್ಯಾಣ ಕರ್ನಾಟಕಕ್ಕೆ, 98ನೇ ತಿದ್ದುಪಡಿಯಿಂದ 371(ಜೆ), ಅದೂ ಈ ಭಾಗದ ಹೋರಾಟಗಾರ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಗಂಟಲು ಹರಿದುಕೊಂಡ ಮೇಲೆ, 2012ರಲ್ಲಿ. ಒಂದೇ ಭಾಷೆಯವರೆಲ್ಲ ಒಂದೇ ರಾಜ್ಯಕ್ಕೆ ಬಂದರೆ ಹಿಂದುಳಿಯುವಿಕೆ ತಾನಾಗಿ ಕರಗುತ್ತದೆ ಎಂಬ 1956ರ ನಂಬಿಕೆ ನಮ್ಮ ಮೂವರ ಪಾಲಿಗೂ ಹುಸಿಯಾಗಿದೆ. ರಾಜ್ಯದ ಪ್ರಾದೇಶಿಕ ಅಸಮತೋಲನ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿದಾಗ 21 ನಮ್ಮ ಕಲಬುರಗಿ ವಿಭಾಗದವೇ ಆಗಿದ್ದವು.

"ಹಾಗಾದರೆ ನಾವೂ ಬೇರೆಯಾಗುವುದೇ ಸರಿ" ಎಂದ ಅಳಿಯ. ಮದುಮಗಳ ತಮ್ಮ, ಕಲಬುರಗಿಯಲ್ಲಿ ಕೋಣೆ ಹಿಡಿದು ಸರ್ಕಾರಿ ನೌಕರಿಗೆ ಓದುತ್ತಿದ್ದಾನೆ. ಹೊಸ ರಾಜ್ಯ ರಚಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುವ ಸಂವಿಧಾನದ ಮೂರನೇ ವಿಧಿ ಅವನಿಗೆ ಬಾಯಿಪಾಠ. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿದರೂ ಸಂಸತ್ತು ಅದನ್ನು ಪಾಸು ಮಾಡಿತು, ಜೂನ್ 2ಕ್ಕೆ ತೆಲಂಗಾಣ ಹುಟ್ಟಿತು. ಬೆಂಗಳೂರು ಒಪ್ಪಲೇಬೇಕೆಂದು ಎಲ್ಲಿದೆ ಎಂದು ಕೇಳಿದ.

ಕಾನೂನಿನಲ್ಲಿ ಎಲ್ಲೂ ಇಲ್ಲ. ಆದರೆ ತೆಲಂಗಾಣದ ಹಿಂದೆ 17 ಲೋಕಸಭಾ ಸ್ಥಾನಗಳಿದ್ದವು, 1969ರಿಂದ ಹೊತ್ತಿ ಉರಿದ ಚಳವಳಿಯಿತ್ತು. ನಮ್ಮವು ಬೀದರ್‌ನಿಂದ ಬಳ್ಳಾರಿಯವರೆಗೆ ಐದು ಸ್ಥಾನ; ಯಾದಗಿರಿ ಜಿಲ್ಲೆಗೆ ತನ್ನದೆಂಬ ಒಂದೂ ಇಲ್ಲ, ಗುರುಮಠಕಲ್ ಕಲಬುರಗಿ ಕ್ಷೇತ್ರಕ್ಕೆ, ಉಳಿದದ್ದು ರಾಯಚೂರಿಗೆ. ಇದಕ್ಕಿಂತ ದೊಡ್ಡ ಮಾತೆಂದರೆ, ಅವರು ಬೇರೆಯಾದಾಗ ಹೈದರಾಬಾದ್ ಅವರ ಬಳಿಯೇ ಉಳಿಯಿತು. ನಮ್ಮ ಬಳಿ ಉಳಿಯುವುದು ತೊಗರಿ, ಸೇಡಂ ಮತ್ತು ವಾಡಿಯ ಸುಣ್ಣಕಲ್ಲು, ಸಿಮೆಂಟಿನ ಧೂಳು. ಅದಿರಿರುವ ಬಳ್ಳಾರಿ ನಿಜಾಮನ ಸೀಮೆಯಲ್ಲೇ ಇರಲಿಲ್ಲ, 1953ರಲ್ಲಿ ಮದ್ರಾಸಿನಿಂದ ಮೈಸೂರಿಗೆ ಬಂದದ್ದು. ಬಳ್ಳಾರಿಯವರು ಕಲಬುರಗಿಯನ್ನು ರಾಜಧಾನಿಯೆಂದು ಒಪ್ಪಿ ನಮ್ಮ ಹಿಂದೆ ಬರುತ್ತಾರೆಂಬ ಭರವಸೆ ನನಗಂತೂ ಇಲ್ಲ. ಪ್ರತಿ ನವೆಂಬರ್ ಒಂದರಂದು ಪ್ರತ್ಯೇಕ ರಾಜ್ಯ ಕೇಳಿ ಬೇರೆ ಬಾವುಟ ಹಿಡಿದು ಹೊರಡುವವರನ್ನು ಪೊಲೀಸರು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗುವಾಗ, ಅವರ ಸಿಟ್ಟು ನನ್ನದೂ ಹೌದು, ಲೆಕ್ಕ ಮಾತ್ರ ನನ್ನದಲ್ಲ ಎನಿಸುತ್ತದೆ.

ಅಲ್ಲಿಯವರೆಗೆ ಗೋಡೆಗೊರಗಿ ಕೇಳುತ್ತಿದ್ದ ಅಕ್ಕನ ಮಾವ ಬಾಯಿ ತೆರೆದರು. ತೊಂಬತ್ತರ ಹತ್ತಿರದ ಅಜ್ಜ, ನಿಜಾಮನ ಕಾಲದಲ್ಲಿ ಉರ್ದು ಮಾಧ್ಯಮದಲ್ಲಿ ಓದಿದವರು. ಈಗಲೂ ಲೆಕ್ಕ ಮಾಡುವುದು ಉರ್ದುವಿನಲ್ಲಿ, ವಚನ ಹೇಳುವುದು ಕನ್ನಡದಲ್ಲಿ. "ನನಗೆ ಆ ಭಾಷೆ ಭಾರವಾಗಲಿಲ್ಲ. ನನ್ನ ಅಪ್ಪನಿಗೆ ಆಯಿತು" ಎಂದರು. ಅವರ ತಂದೆಗೆ ಹೊಲದ ಬಾಬತ್ತು ಒಂದು ನೋಟೀಸು ಬಂದಿತ್ತಂತೆ, ಉರ್ದುವಿನಲ್ಲಿ. ಓದಿ ಹೇಳಿದವನು ಗಡುವಿನ ತಾರೀಖನ್ನು ಹೇಳದೆ ಬಿಟ್ಟ. ನಾಲ್ಕು ಎಕರೆ ಹೋಯಿತು. ಅಜ್ಜ ಶಾಲೆ ಸೇರಿದ್ದು ಆ ನಾಲ್ಕು ಎಕರೆಯ ಕಾರಣದಿಂದ. ಮನೆಯಲ್ಲಿ ಒಬ್ಬನಿಗಾದರೂ ಸರ್ಕಾರದ ಕಾಗದ ಓದಲು ಬರಲಿ ಎಂದು.

ವರನ ಕಾಕಾನ ಹೆಂಡತಿ ನಡುವೆ ಬಂದರು. "ನಮ್ಮ ಅತ್ತೆಯ ಹೊಲದ ಪಾಸ್‌ಪುಸ್ತಕ ಈಗ ತೆಲುಗಿನಲ್ಲಿದೆ. ಅವರಿಗೆ ಕನ್ನಡ ಬಿಟ್ಟರೆ ಬೇರೆ ಅಕ್ಷರ ಬಾರದು. ಯಾರೋ ಓದುತ್ತಾರೆ, ಇವರು ಹೆಬ್ಬೆಟ್ಟು ಒತ್ತುತ್ತಾರೆ." ಕಾಕಾ ಒಂದು ಗಳಿಗೆ ಸುಮ್ಮನಾದರು. ನಮ್ಮ ಬೀದರ್ ಜಿಲ್ಲೆಯ ಔರಾದ್ ಕಡೆಯಿಂದ ಬಂದಿದ್ದ ಅಡುಗೆಯವರು ಮರಾಠಿ ಮನೆಮಾತಿನವರು. ನಮ್ಮಲ್ಲೂ ಅದೇ ಪಾಡು, ಆದರೆ ನಮಗೆ ಕನ್ನಡದ ಕಾಗದ ಎಂದರು.

ಸಂವಿಧಾನದ 350ನೇ ವಿಧಿ ಕೇಂದ್ರದಲ್ಲಿ ಇಲ್ಲವೇ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಕೊಡುವ ಹಕ್ಕನ್ನು ಕೊಡುತ್ತದೆ. ಕಚೇರಿ ಅದೇ ಭಾಷೆಯಲ್ಲಿ ಉತ್ತರಿಸಬೇಕೆಂದು ಹೇಳುವುದಿಲ್ಲ. ಶಾಲೆಯ ಮಟ್ಟಿಗೆ ಮೂರೂ ರಾಜ್ಯಗಳು ಪೈಪೋಟಿಗೆ ಬಿದ್ದಂತೆ ತಮ್ಮ ಭಾಷೆಯನ್ನು ಕಡ್ಡಾಯ ಮಾಡಿವೆ: ಕರ್ನಾಟಕ 2015ರಲ್ಲಿ, ತೆಲಂಗಾಣ 2018ರಲ್ಲಿ, ಮಹಾರಾಷ್ಟ್ರ 2020ರಲ್ಲಿ. ನಾನು ಇವನ್ನು ವಿರೋಧಿಸುವವನಲ್ಲ. ಊರಿನ ಭಾಷೆ ಬಾರದೆ ಯಾರೂ ಬದುಕಲಾಗದು. ಆದರೆ ಗಡಿಯಂಚಿನ ಮಗುವಿಗೆ ಮನೆಮಾತಿನಲ್ಲಿ ಮೊದಲ ಅಕ್ಷರ ಕಲಿಸುವ ಶಿಕ್ಷಕರನ್ನು ನೇಮಿಸುವಾಗ ಈ ಹುರುಪು ಯಾವ ರಾಜ್ಯದಲ್ಲೂ ಕಾಣುವುದಿಲ್ಲ.

ಇದರ ಮೇಲೆ ಹಿಂದಿ ಬಂತು. ಒಂದನೇ ತರಗತಿಯಿಂದಲೇ ಹಿಂದಿ ಕಲಿಸುವ ಮಹಾರಾಷ್ಟ್ರ ಸರ್ಕಾರದ ಆದೇಶದ ಬಗ್ಗೆ ಮಾಮಾ ಕೆಂಡವಾಗಿದ್ದರು. (ಜೂನ್ ಕೊನೆಗೆ ಆ ಆದೇಶ ವಾಪಸಾಯಿತು, ಮಾಮಾ ಫೋನು ಮಾಡಿ, ತಾವೇ ವಾಪಸ್ ತೆಗೆಸಿದವರಂತೆ ಸುದ್ದಿ ಹೇಳಿದರು.) ವಿಚಿತ್ರವೆಂದರೆ ಈ ಒಂದು ವಿಷಯದಲ್ಲಿ ಮೂರೂ ರಾಜ್ಯದ ಬೀಗರು ಒಂದೇ ಪಕ್ಷ. ದಖನಿ ಹಿಂದಿಯಲ್ಲೇ ವ್ಯಾಪಾರ ಮಾಡುವ ನಮ್ಮ ಸೀಮೆಯಲ್ಲಿ ಹಿಂದಿಯ ಮೇಲೆ ದ್ವೇಷವಿಲ್ಲ. ಬ್ಯಾಂಕಿನ ಚೀಟಿಯಲ್ಲಿ ಕನ್ನಡ ಇಲ್ಲದಿದ್ದಾಗ ಬರುವ ಸಿಟ್ಟು ಬೇರೆ.

ಅಳಿಯ ಇದನ್ನೂ ಅಲ್ಲಿಗೇ ಬಿಡಲಿಲ್ಲ. ತಾನು ಬರೆದ ರಾಜ್ಯ ಮಟ್ಟದ ನೇಮಕಾತಿ ಪರೀಕ್ಷೆಯಲ್ಲಿ ಕನ್ನಡದ ಪ್ರಶ್ನೆಯೇ ಅರ್ಥವಾಗದೆ ಇಂಗ್ಲಿಷ್ ಪ್ರಶ್ನೆ ಓದಿ ಉತ್ತರ ಗುರುತಿಸಬೇಕಾಯಿತು ಎಂದ. "ಕನ್ನಡದ ರಾಜ್ಯದಲ್ಲಿ ಕನ್ನಡ ಮಾಧ್ಯಮದವನ ಗತಿ ಇದು. ಇನ್ನು ದೆಹಲಿಯನ್ನು ಏನೆನ್ನಲಿ?"

ರಾಜ್ಯ ಬೇಡ, 371(ಜೆ) ಸರಿಯಾಗಿ ಜಾರಿಯಾಗಲಿ, ನಮ್ಮ ಭಾಗದ 'ಸಿ' ದರ್ಜೆಯ ಹುದ್ದೆಗಳಲ್ಲಿ ಶೇ 80 ನಮಗೇ ಮೀಸಲು, ಖಾಲಿ ಇರುವುದನ್ನು ತುಂಬಿದರೆ ಅರ್ಧ ಜಗಳ ತೀರುತ್ತದೆ ಎಂದೆ.

"ಅದು ಸಂಬಳ ಗಟ್ಟಿಯಾದವರ ಮಾತು ಮಾಮಾ. ತುಂಬುವಷ್ಟರಲ್ಲಿ ನನ್ನ ವಯಸ್ಸು ಮೀರಿರುತ್ತದೆ."

ಎಷ್ಟು ಖಾಲಿ ಇವೆ ಎಂದು ಕೇಳಿದೆ. ಅವನಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ, ಅಷ್ಟು ಹೊತ್ತು ಕೂಗಾಡಿದ ಯಾರಿಗೂ ಗೊತ್ತಿರಲಿಲ್ಲ. ಮದುವೆಯ ಗದ್ದಲ ಮುಗಿದ ಮೇಲೆ ಅಳಿಯ ಬೀದರ್ ಜಿಲ್ಲೆಯ ಹುದ್ದೆಗಳ ಲೆಕ್ಕ ಕೇಳಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದ. ಒಂದೆರಡು ಕಚೇರಿಗಳಿಂದ ಉತ್ತರ ಬಂದಿದೆ. ಉಳಿದವುಗಳ ಮೇಲೆ ಮೇಲ್ಮನವಿ ಹಾಕಿದ್ದಾನೆ. ಅದರ ಕರಡು ತಿದ್ದುವ ಕೆಲಸ ನನ್ನದು.