ಎತ್ತಿ ಹತ್ತಿಸುವಂತಿಲ್ಲ

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ದೈಹಿಕ ಶಿಕ್ಷಕಿ. ಶಾಲೆಯ ಅಂಗಳದಲ್ಲಿ ಒಂದು ಹಳೆಯ ಹುಣಸೆಮರವಿದೆ. ಮಕ್ಕಳು ಅದರಲ್ಲಿ ಮರಕೋತಿ ಆಡುತ್ತಾರೆ. ಕಣ್ಣು ತಪ್ಪಿಸಿ ಆಡುವುದಲ್ಲ, ಆಟದ ಅವಧಿಯಲ್ಲಿ ನಾನೇ ನಿಂತು ಆಡಿಸುತ್ತೇನೆ. ಬೇರೆ ಶಾಲೆಯ ಶಿಕ್ಷಕರು ಇದನ್ನು ಕೇಳಿದಾಗ ಮೊದಲು ಕೇಳುವುದು, ಮಕ್ಕಳಿಗೆ ಎಷ್ಟು ಎತ್ತರದವರೆಗೆ ಅನುಮತಿ ಎಂದು. ಎತ್ತರಕ್ಕೆ ನಾನು ಗೆರೆ ಹಾಕಿಲ್ಲ. ಹಾಕಿರುವ ನಿಯಮ ಒಂದೇ, ಅದೂ ದೊಡ್ಡವರಿಗೆ: ಯಾವ ಮಗುವನ್ನೂ ಎತ್ತಿ ಕೊಂಬೆಯ ಮೇಲೆ ಕೂರಿಸುವಂತಿಲ್ಲ.

ತಾನೇ ಹತ್ತಿದ ಮಗುವಿಗೆ ಇಳಿಯುವ ದಾರಿ ಗೊತ್ತಿರುತ್ತದೆ. ಯಾವ ಗಂಟಿನ ಮೇಲೆ ಕಾಲಿಟ್ಟೆ, ಯಾವ ಕೊಂಬೆ ಕೈಗೆ ಸಿಕ್ಕಿತು ಎಂಬುದೆಲ್ಲ ಅದರ ಮೈಗೇ ನೆನಪಿರುತ್ತದೆ. ಎತ್ತಿ ಕೂರಿಸಿದ ಮಗುವಿಗೆ ಆ ದಾರಿಯೇ ಇಲ್ಲ. ತೋಳಿಗೆ ಎಷ್ಟು ಬಲ ಬಂದಿದೆಯೋ ಅಷ್ಟೇ ಎತ್ತರಕ್ಕೆ ಮರ ಮಗುವನ್ನು ಬಿಟ್ಟುಕೊಳ್ಳುತ್ತದೆ. ನಾವು ನಡುವೆ ಕೈ ಹಾಕಿದರೆ ಆ ಲೆಕ್ಕ ಕೆಡುತ್ತದೆ.

ಮರಕೋತಿ ಆಡದವರಿಗಾಗಿ ಒಂದು ಮಾತು. ಮರದ ಕೆಳಗೆ ವೃತ್ತ ಗೀಚಿ, ಅದರೊಳಗೆ ಒಂದು ಕೋಲು ಇಡುತ್ತಾರೆ. ಒಬ್ಬರು ಆ ಕೋಲನ್ನು ತೊಡೆಯ ಕೆಳಗಿನಿಂದ ದೂರಕ್ಕೆ ಬೀಸಿ ಎಸೆಯುತ್ತಾರೆ. ಕಳ್ಳನಾದವನು ಓಡಿಹೋಗಿ ಅದನ್ನು ತಂದು ವೃತ್ತದಲ್ಲಿ ಇಡುವಷ್ಟರಲ್ಲಿ ಉಳಿದವರೆಲ್ಲ ಮರ ಏರಿರಬೇಕು. ಆಮೇಲೆ ಅವನು ಹತ್ತಿ ಯಾರನ್ನಾದರೂ ಮುಟ್ಟಬೇಕು. ಅವನ ಕೈಗೆ ಸಿಗದೆ ಇಳಿದು ಯಾರಾದರೂ ಕೋಲು ಮುಟ್ಟಿಬಿಟ್ಟರೆ ಮತ್ತೆ ಅವನೇ ಕಳ್ಳ. ಈ ಆಟದಲ್ಲಿ ನಡೆಯುವ ಯೋಚನೆಯನ್ನು ಕೆಳಗೆ ನಿಂತು ನೋಡಿದವರಿಗೆ ಮಾತ್ರ ಅದರ ಬೆಲೆ ತಿಳಿಯುತ್ತದೆ. ಕೊಂಬೆಯ ತುದಿಗೆ ಸರಿದರೆ ಕಳ್ಳ ಹಿಂಬಾಲಿಸಲಾರ, ಆದರೆ ಕೊಂಬೆ ಬಾಗುತ್ತದೆ. ಈಗಾಗಲೇ ಇಬ್ಬರು ಕುಳಿತ ಕೊಂಬೆಗೆ ಮೂರನೆಯವಳು ಹೋಗಬೇಕೇ ಬೇಡವೇ? ಅಲ್ಲಿಂದ ಧುಮುಕಬಹುದೇ, ಇಳಿದೇ ಹೋಗಬೇಕೇ? ಇವೆಲ್ಲವನ್ನೂ ಕ್ಷಣಮಾತ್ರದಲ್ಲಿ, ನಗುತ್ತ ಕಿರುಚುತ್ತ, ತೀರ್ಮಾನಿಸುತ್ತಾರೆ. ಕಪ್ಪುಹಲಗೆಯ ಮುಂದೆ ಬಾಯಿಬಿಡದ ಹುಡುಗ ಮರದ ಮೇಲೆ ನಾಲ್ಕು ಜನಕ್ಕೆ ದಾರಿ ಹೇಳುವುದನ್ನು ನಾನು ಕಂಡಿದ್ದೇನೆ.

ಮಕ್ಕಳು ಹತ್ತುವ ಮುಂಚೆ ನನ್ನ ಕೆಲಸ ಮುಗಿದಿರಬೇಕು. ದಿನವೂ ಬೆಳಿಗ್ಗೆ ಮರದ ಸುತ್ತ ಒಂದು ಸುತ್ತು ಬರುತ್ತೇನೆ. ಒಣಗಿದ ಕೊಂಬೆ ಇದೆಯೇ, ಬುಡಕ್ಕೆ ಗೆದ್ದಲು ಹತ್ತಿದೆಯೇ, ಕಣಜ ಗೂಡು ಕಟ್ಟಿದೆಯೇ, ಯಾರಾದರೂ ಧ್ವಜಸ್ತಂಭದ ಕಡೆಗೆ ವೈರು ಎಳೆದಿದ್ದಾರೆಯೇ ಎಂದು ನೋಡುತ್ತೇನೆ. ಹೆಜ್ಜೇನು ಕಂಡರೆ ಮರಕ್ಕೆ ಅಂದಿನಿಂದಲೇ ರಜೆ. ಮಳೆ ಬಂದು ತೊಗಟೆ ಒದ್ದೆಯಾದ ದಿನವೂ ರಜೆ. ಸೋಮವಾರ ಹೆಚ್ಚು ಹೊತ್ತು ಬೇಕಾಗುತ್ತದೆ, ಏಕೆಂದರೆ ಭಾನುವಾರ ರಾತ್ರಿ ಶಾಲೆಯ ಅಂಗಳಕ್ಕೆ ಕುಡಿಯಲು ಬರುವವರು ಬಾಟಲಿ ಒಡೆದು ಹೋಗಿರುತ್ತಾರೆ. ಆಟಕ್ಕೆ ಮುಂಚೆ ಕುತ್ತಿಗೆಯ ಗುರುತಿನ ಚೀಟಿಯ ದಾರ, ವೇಲು, ಗಾಜಿನ ಬಳೆ ಎಲ್ಲವನ್ನೂ ತೆಗೆದು ಒಂದು ಬುಟ್ಟಿಯಲ್ಲಿ ಇಡುತ್ತಾರೆ. ಕೊಂಬೆಗೆ ಸಿಕ್ಕಿಕೊಂಡ ದಾರ ಕುತ್ತಿಗೆಗೆ ಬಿಗಿದರೆ ಆಗುವ ಅನಾಹುತವನ್ನು ಯಾವ ಮಗುವೂ ಮುಂಚಿತವಾಗಿ ಊಹಿಸಲಾರದು. ಎತ್ತರವನ್ನು ಅದು ಕಣ್ಣಾರೆ ಕಾಣುತ್ತದೆ, ಹೆದರಿಕೆಯೇ ಅದಕ್ಕೆ ಬುದ್ಧಿ ಹೇಳುತ್ತದೆ. ಕಾಣದ್ದನ್ನು ತೆಗೆಯುವುದಷ್ಟೇ ನನ್ನ ಪಾಲು.

ಒಮ್ಮೆ ಊರಿನ ದಾನಿಗಳೊಬ್ಬರು ಮರದ ಸುತ್ತ ಸಿಮೆಂಟಿನ ಕಟ್ಟೆ ಕಟ್ಟಿಸಿ ಟೈಲ್ಸ್ ಹಾಕಿಸಿಕೊಡುತ್ತೇನೆ ಎಂದರು. ಒಳ್ಳೆಯ ಮನಸ್ಸಿನ ಮಾತು. ಆದರೆ ಸಡಿಲ ಮಣ್ಣಿನ ಮೇಲೆ ಬಿದ್ದರೆ ತರಚುಗಾಯ, ಕಟ್ಟೆಯ ಅಂಚಿಗೆ ತಲೆ ಬಡಿದರೆ ಜೀವದ ಪ್ರಶ್ನೆ. ಅವರನ್ನು ಕರೆದು ತೋರಿಸಿದೆವು. ಕಟ್ಟೆಯ ಬದಲು ಕೆರೆಯ ಮರಳುಮಣ್ಣು ಹೊಡೆಸಿಕೊಟ್ಟರು. ಆ ಮಣ್ಣನ್ನು ಆಗಾಗ ಗುದ್ದಲಿಯಿಂದ ಸಡಿಲಿಸುವುದು ಏಳನೇ ತರಗತಿಯವರ ಪಾಳಿ.

ಆಟ ಶುರುವಾದ ಮೇಲೆ ಬಾಯಿ ಕಟ್ಟಿಕೊಳ್ಳುವುದು ಈ ಕೆಲಸದ ಅತ್ಯಂತ ಕಷ್ಟದ ಭಾಗ. "ಹುಷಾರು! ಬಿದ್ದೀಯೆ!" ಎಂದು ಕೂಗಿದರೆ ಮಗು ಕೊಂಬೆಯನ್ನು ಬಿಟ್ಟು ನಮ್ಮ ಮುಖ ನೋಡುತ್ತದೆ. ಯಾವುದಕ್ಕೆ ಹುಷಾರು ಎಂದೂ ಅದಕ್ಕೆ ತಿಳಿಯುವುದಿಲ್ಲ. ಹೇಳಲೇಬೇಕಾದಾಗ ಮೆಲ್ಲಗೆ, ಬೇಕಾದ್ದನ್ನಷ್ಟೇ ಹೇಳುತ್ತೇನೆ: "ಎಡಗಾಲಿನ ಕೆಳಗೊಂದು ಗಂಟಿದೆ ನೋಡಪ್ಪ", "ಆ ಕೊಂಬೆ ಅಲ್ಲಾಡಿಸಿ ನೋಡಮ್ಮ, ಆಮೇಲೆ ಭಾರ ಹಾಕು". ಯಾರಾದರೂ ಮೇಲೆ ಸಿಕ್ಕಿಕೊಂಡು ಅಳತೊಡಗಿದರೆ ನಾನು ಮರಕ್ಕೆ ಹತ್ತಿರ ಹೋಗಿ ನಿಲ್ಲುತ್ತೇನೆ. ಒಂದೊಂದೇ ಕಾಲು ಎಲ್ಲಿಡಬೇಕೆಂದು ಹೇಳುತ್ತ ಇಳಿಸುತ್ತೇನೆ, ಎತ್ತಿ ಇಳಿಸುವುದು ತೀರ ಕೈಮೀರಿದಾಗ ಮಾತ್ರ.

ಮೂರನೇ ತರಗತಿಯ ಒಬ್ಬಳು ಬಹಳ ಕಾಲ ಬುಡದಲ್ಲೇ ನಿಲ್ಲುತ್ತಿದ್ದಳು. ದಿನಾ ಬಂದು ಮೊದಲ ಗಂಟಿಗೆ ಕೈ ಹಾಕಿ, ಬಿಟ್ಟು, ಕೋಲು ಕಾಯುವ ಕೆಲಸ ತೆಗೆದುಕೊಳ್ಳುತ್ತಿದ್ದಳು. ಅವಳ ಅಣ್ಣ ಅದೇ ಶಾಲೆಯವನು. ಪ್ರೀತಿಯಿಂದಲೇ ಎತ್ತಿ ಕೂರಿಸಲು ಬಂದ, ಬೇಡ ಎಂದೆ. ಒಂದು ಮಧ್ಯಾಹ್ನ ಬಿಸಿಯೂಟ ಮುಗಿದು ಎಲ್ಲರೂ ತಟ್ಟೆ ತೊಳೆಯುತ್ತಿದ್ದಾಗ ಅವಳೊಬ್ಬಳೇ ಮೊದಲ ಕವಲಿನಲ್ಲಿ ಕುಳಿತಿದ್ದಳು. ಯಾರನ್ನೂ ಕರೆಯಲಿಲ್ಲ. ನನ್ನನ್ನು ನೋಡಿ, "ಟೀಚರ್, ಇಲ್ಲಿಂದ ನಮ್ಮ ಮನೆಯ ಹಸು ಕಾಣುತ್ತದೆ" ಎಂದಳು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಐದನೇ ತರಗತಿ ದಾಟುತ್ತಿದ್ದಂತೆ ಮನೆಯಿಂದ ಮಾತು ಬರುತ್ತದೆ, ಹುಡುಗಿ ಮರ ಹತ್ತುವುದು ಚೆನ್ನಾಗಿರುವುದಿಲ್ಲ ಮೇಡಂ ಎಂದು. ಇದೇ ಹುಡುಗಿಯರು ಮನೆಯಲ್ಲಿ ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚುತ್ತಾರೆ, ಸೌದೆ ಒಲೆ ಹೊತ್ತಿಸುತ್ತಾರೆ, ತಂಗಿಯನ್ನು ಕಂಕುಳಲ್ಲಿ ಹೊತ್ತು ನೀರು ತರುತ್ತಾರೆ. ಬ್ಲೇಡಿಗೂ ಬೆಂಕಿಗೂ ಇಲ್ಲದ ಭಯ ಮರಕ್ಕೆ ಮಾತ್ರ ಹೇಗೆ ಬಂತು? ಕೆಲಸವಾದರೆ ಅಪಾಯವನ್ನು ನಂಬಿ ಕೊಡುತ್ತೇವೆ, ಆಟವಾದರೆ ಕಿತ್ತುಕೊಳ್ಳುತ್ತೇವೆ. ಇದು ಅನ್ಯಾಯ. ತಾಯಂದಿರ ಸಭೆಯಲ್ಲಿ ಈ ಮಾತನ್ನು ಜೋರಾಗಿಯೇ ಆಡಿದ್ದೇನೆ. ಸಮವಸ್ತ್ರದ ಲಂಗದ ಕೆಳಗೆ ಪ್ಯಾಂಟು ಹಾಕಿ ಕಳಿಸಿ, ಅಷ್ಟು ಸಾಕು ಎಂದು ಕೇಳಿಕೊಂಡೆ. ಹೆಚ್ಚಿನವರು ಕಳಿಸುತ್ತಿದ್ದಾರೆ.

ಬ್ಯಾಗ್ ಇಲ್ಲದ ಶನಿವಾರಗಳಲ್ಲಿ ಊರಿನ ಬಡಗಿ ಆಚಾರರು ಬರುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಆರರಿಂದ ಎಂಟನೇ ತರಗತಿಯ ಮಕ್ಕಳು ಹತ್ತು ದಿನ ಬ್ಯಾಗ್ ಇಲ್ಲದೆ ಬಡಗಿ, ತೋಟಗಾರ, ಕುಂಬಾರರಂಥ ಸ್ಥಳೀಯ ಕಸುಬುದಾರರ ಬಳಿ ಕಲಿಯಬೇಕು ಎನ್ನುತ್ತದೆ. ಆಚಾರರು ಮೊದಲ ದಿನವೇ ನನ್ನ ಒಂದು ನಂಬಿಕೆಯನ್ನು ತಿದ್ದಿದರು. ಮಕ್ಕಳಿಗೆ ಮೊಂಡು ಉಪಕರಣ ಕೊಡುವುದೇ ಕ್ಷೇಮ ಎಂದು ಎಲ್ಲರಂತೆ ನಾನೂ ತಿಳಿದಿದ್ದೆ. "ಮೊಂಡು ಗರಗಸಕ್ಕೆ ಬಲ ಜಾಸ್ತಿ ಹಾಕಬೇಕಮ್ಮ, ಬಲ ಹಾಕಿದಾಗಲೇ ಕೈ ಜಾರುವುದು" ಎಂದು ಅಲ್ಲಿಯೇ ಕುಳಿತು ಅರದಿಂದ ಹಲ್ಲು ತೀಡಿದರು. ಮೊದಲು ಗರಗಸವನ್ನು ಮೆಲ್ಲಗೆ ಹಿಂದಕ್ಕೆ ಎಳೆದು ಗೀರು ಮಾಡಿಕೊಳ್ಳಬೇಕು, ಆಮೇಲೆ ಮುಂದಕ್ಕೆ ಒತ್ತಬೇಕು. ಮೊಳೆಯನ್ನು ಮೊದಲ ಏಟಿಗೆ ಬೆರಳಿನಲ್ಲಿ ಹಿಡಿಯದೆ ರಟ್ಟಿನ ತುಂಡಿಗೆ ಸಿಕ್ಕಿಸಿ ಹಿಡಿಯಬೇಕು. ಸುತ್ತಿಗೆಯನ್ನು ಕತ್ತಿನ ಬಳಿ ಅಲ್ಲ, ಹಿಡಿಯ ತುದಿಯಲ್ಲಿ ಹಿಡಿಯಬೇಕು. ಗರಗಸ ಓಡುತ್ತಿರುವಾಗ ಎದುರು ಯಾರೂ ನಿಲ್ಲುವಂತಿಲ್ಲ. ಒಬ್ಬ ದೊಡ್ಡವರ ಕಣ್ಣಿಗೆ ಎಷ್ಟು ಗರಗಸ ಬೀಳುತ್ತವೆಯೋ ಅಷ್ಟೇ ಹೊರಬರಬೇಕು. ಇಷ್ಟು ಕಲಿತ ಮಕ್ಕಳು ಸಿಲ್ವರ್ ಓಕ್ ಹಲಗೆಯ ಚೂರುಗಳಿಂದ ನೀರಿನ ಬಿಂದಿಗೆ ಇಡುವ ಮಣೆ ಮಾಡಿ, ಉಪ್ಪುಕಾಗದದಿಂದ ಉಜ್ಜಿ ಮನೆಗೆ ಒಯ್ದಿದ್ದಾರೆ. ಹೆಬ್ಬೆರಳಿಗೆ ಏಟು ಬಿದ್ದದ್ದುಂಟು, ಉಗುರು ಕಪ್ಪಾದದ್ದುಂಟು. ಏಟು ತಿಂದವರೇ ಮುಂದಿನ ಶನಿವಾರ ಮೊದಲು ಬಂದು ಕುಳಿತಿರುತ್ತಾರೆ.

ಇದೆಲ್ಲ ಹಳ್ಳಿಯ ಹಳೇ ಕಾಲದ ಹಂಬಲ ಎಂದು ಯಾರಾದರೂ ಹೇಳಿದರೆ ಅವರಿಗೆ ಕೋಪನ್‌ಹೇಗನ್ನಿನ ಎಮ್‌ಡ್ರಪ್ ಬಡಾವಣೆಯ ಬಗ್ಗೆ ಹೇಳುತ್ತೇನೆ. ಸಿ. ಟಿಎಚ್. ಸೋರೆನ್‌ಸೆನ್ ಎಂಬ ಭೂದೃಶ್ಯ ವಿನ್ಯಾಸಕಾರರು ತಾವು ರೂಪಿಸಿದ ಅಚ್ಚುಕಟ್ಟಾದ ಆಟದ ಮೈದಾನಗಳಿಗಿಂತ ಕಟ್ಟಡದ ಕೆಲಸ ನಡೆಯುವ ಜಾಗಗಳಲ್ಲೇ ಮಕ್ಕಳು ಹೆಚ್ಚು ಮೈಮರೆತು ಆಡುವುದನ್ನು ಗಮನಿಸಿದ್ದರು. ಅವರ ಕಲ್ಪನೆಯಂತೆ 1943ರಲ್ಲಿ, ಡೆನ್ಮಾರ್ಕ್ ಜರ್ಮನ್ನರ ವಶದಲ್ಲಿದ್ದಾಗಲೇ, ಹಲಗೆ, ಇಟ್ಟಿಗೆ, ಹಗ್ಗ, ಮೊಳೆಗಳ ಮೈದಾನವೊಂದು ಅಲ್ಲಿ ತೆರೆಯಿತು. ಮಹಾಯುದ್ಧ ಮುಗಿದ ಮೇಲೆ ಮಕ್ಕಳ ಹಿತಕ್ಕಾಗಿ ದುಡಿಯುತ್ತಿದ್ದ ಇಂಗ್ಲೆಂಡಿನ ಲೇಡಿ ಅಲೆನ್ ಅದನ್ನು ಕಂಡು, ಲಂಡನ್ನಿನ ಬಾಂಬು ಬಿದ್ದ ಜಾಗಗಳಿಗೆ ಅದೇ ವಿಚಾರವನ್ನು ಒಯ್ದರು. ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಮಕ್ಕಳ ಸಾಹಸದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಉಪಕರಣ, ನೀರು ಬೆಂಕಿಗಳ ಸಮೀಪ, ಹಿಡಿದು ಕೆಡವುವ ಸೆಣಸಾಟ, ದೊಡ್ಡವರ ಕಣ್ಣಿನಿಂದ ಮರೆಯಾಗುವುದು. ಓದಿದಾಗ ನನಗೆ ನಮ್ಮ ಊರೇ ಕಂಡಿತು. ಮರಕೋತಿ, ಇಳಿಜಾರಿನಲ್ಲಿ ಟೈರು ಓಡಿಸುವುದು, ಕುಡುಗೋಲು, ಹೊಲದ ಬದುವಿನಲ್ಲಿ ಕಡಲೆಕಾಯಿ ಸುಡುವ ಬೆಂಕಿ, ಕಬಡ್ಡಿ, ಕಣ್ಣಾಮುಚ್ಚಾಲೆ. ಆರೂ ನಮ್ಮಲ್ಲಿವೆ. ಕೆನಡಾದ ಮಕ್ಕಳ ವೈದ್ಯರ ಸಂಘ 2024ರ ಜನವರಿಯಲ್ಲಿ ಇಂಥ ಆಟಗಳಿಗೆ ಅವಕಾಶ ಕೊಡಬೇಕೆಂದು ಹೇಳಿಕೆ ಹೊರಡಿಸಿತು. ಆಟ ಅಗತ್ಯವಿರುವಷ್ಟು ಸುರಕ್ಷಿತವಾಗಿರಲಿ, ಸಾಧ್ಯವಿರುವಷ್ಟೂ ಬಿಗಿ ಮಾಡುವುದು ಬೇಡ ಎಂಬುದು ಅದರ ತಿರುಳು.

ಆದರೂ ಬೀಳುವವರು ಬೀಳುತ್ತಾರೆ. ಐದನೇ ತರಗತಿಯ ಹುಡುಗನೊಬ್ಬ ಕೆಳಗಿನ ಕೊಂಬೆಯಿಂದ ಜಾರಿ ಕೈಯೂರಿ ಬಿದ್ದ. ಮಣಿಕಟ್ಟಿನ ಮೇಲೆ ಊತ ಬಂದಿತ್ತು. ಕೈಯನ್ನು ಎಳೆಯದೆ, ತಿಕ್ಕದೆ, ರಟ್ಟಿನ ಮೇಲಿಟ್ಟು ಬಟ್ಟೆಯಿಂದ ಕಟ್ಟಿ, ಕುತ್ತಿಗೆಗೆ ಜೋಲಿ ಹಾಕಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ಮೂಳೆ ಬಿರುಕು ಬಿಟ್ಟಿತ್ತು, ಪ್ಲಾಸ್ಟರ್ ಹಾಕಿದರು. ಮರುದಿನ ತಂದೆ ಬಂದರು. ನನ್ನ ಮೇಲೆ ರೇಗುತ್ತಾರೆ ಎಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. "ಮೇಡಂ, ಹುಡುಗ ಬೀಳಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಆಸ್ಪತ್ರೆಗೆ ಓಡಾಡಿದರೆ ನನ್ನ ಕೂಲಿ ಹೋಗುತ್ತದೆ, ಅವರಮ್ಮನ ಕೂಲಿಯೂ ಹೋಗುತ್ತದೆ."

ಇದುವರೆಗೆ ನಾನು ಓದಿದ ಯಾವುದರಲ್ಲಿಯೂ ಈ ಮಾತು ಇರಲಿಲ್ಲ. ಒಂದೇ ಕೊಂಬೆಯಿಂದ ಬಿದ್ದರೂ ಸಂಬಳದ ಮನೆಯ ಮಗುವಿನ ಪೆಟ್ಟಿಗೂ ಕೂಲಿಯ ಮನೆಯ ಮಗುವಿನ ಪೆಟ್ಟಿಗೂ ಬೆಲೆ ಒಂದೇ ಅಲ್ಲ. ಸಾಹಸದ ಆಟ ಬೇಕು ಎನ್ನುವ ಶಾಲೆ ಪೆಟ್ಟಿನ ಖರ್ಚನ್ನು ಬಡವರ ಹೆಗಲಿಗೆ ಜಾರಿಸಬಾರದು. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಇದನ್ನೇ ಇಟ್ಟೆವು. ಸಮಿತಿ ಒಂದು ಸಣ್ಣ ನಿಧಿ ಮಾಡಿತು. ಔಷಧಿ, ಆಟೋ ಬಾಡಿಗೆ ಮಾತ್ರವಲ್ಲ, ಆಸ್ಪತ್ರೆಗೆ ಹೋದ ದಿನದ ಕೂಲಿಯೂ ಅದರಿಂದಲೇ. ಮರುಪರೀಕ್ಷೆಗೆ ಮಗುವನ್ನು ಕರೆದೊಯ್ಯಲು ನಾನು ಅಥವಾ ಇನ್ನೊಬ್ಬ ಶಿಕ್ಷಕರು ಹೋಗುತ್ತೇವೆ. ಐದನೇ ತರಗತಿಗೆ ಬಂದವರು ಹತ್ತು ವರ್ಷಕ್ಕೆ ಹಾಕುವ, ಧನುರ್ವಾಯು ಮತ್ತು ಗಂಟಲಮಾರಿ ತಡೆಯುವ ಟಿಡಿ ಲಸಿಕೆ ಹಾಕಿಸಿಕೊಂಡಿದ್ದಾರೆಯೇ ಎಂದು ಆಶಾ ಕಾರ್ಯಕರ್ತೆಯ ಜೊತೆ ಕುಳಿತು ಪಟ್ಟಿ ನೋಡುತ್ತೇವೆ. ತಲೆಗೆ ಏಟು ಬಿದ್ದು ವಾಂತಿಯಾದರೆ, ಮಂಕಾದರೆ, ಮಾತು ತೊದಲಿದರೆ ಕಾಯದೆ 108ಕ್ಕೆ ಕರೆ ಮಾಡಬೇಕೆಂಬುದು ಬಿಸಿಯೂಟದ ಅಮ್ಮಂದಿರಿಗೂ ಗೊತ್ತಿದೆ.

ಮರದ ಬಗ್ಗೆ ಇಷ್ಟು ಧೈರ್ಯ ಹೇಳುವ ನಾನು ಕೃಷಿಹೊಂಡದ ಬಗ್ಗೆ ಒಂದಿಷ್ಟೂ ಸಡಿಲ ಬಿಡುವುದಿಲ್ಲ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಕಡೆಯ ಹೊಲಗಳಲ್ಲಿ ಮಳೆನೀರು ಹಿಡಿದಿಡುವ ಮೂರು ಮೀಟರ್ ಆಳದ ಹೊಂಡಗಳಾಗಿವೆ. ರೈತರಿಗೆ ಅದರಿಂದ ಉಪಕಾರವಾಗಿದೆ. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಪಾಚಿಗಟ್ಟಿದ ಬಂಡೆಯಂತೆ ಜಾರುತ್ತದೆ. ಈಜು ಬಲ್ಲವರಿಗೂ ದಡ ಹತ್ತಲಾಗುವುದಿಲ್ಲ. ಕಲ್ಲಿನ ಬಾವಿಯಲ್ಲಿ ಮೆಟ್ಟಿಲಿರುತ್ತಿತ್ತು, ಬೆನ್ನಿಗೆ ಬೆಂಡು ಕಟ್ಟಿ ಮಾವನೋ ಚಿಕ್ಕಪ್ಪನೋ ಜೊತೆಗಿಳಿದು ಈಜು ಕಲಿಸುತ್ತಿದ್ದರು. ಹೊಂಡ ನೋಡಲು ಶಾಂತವಾಗಿರುತ್ತದೆ, ಅದರ ಅಪಾಯ ಮಗುವಿನ ಕಣ್ಣಿಗೆ ಕಾಣುವುದೇ ಇಲ್ಲ. ಮುಚ್ಚದೆ ಬಿಟ್ಟ ಕೊಳವೆಬಾವಿಯೂ ಹಾಗೆಯೇ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಅಂಥದ್ದಕ್ಕೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಕಾಲ ಅಗೆದು ಬದುಕಿಸಿ ತೆಗೆದರು. ಇಂಥಲ್ಲಿ ಮಗುವಿನ ತೀರ್ಮಾನಕ್ಕೆ ಬಿಡುವ ಮಾತೇ ಇಲ್ಲ.

ಹೋಗಬೇಡಿ ಎಂದು ಹೇಳಿ ಸುಮ್ಮನಾಗಲೂ ಮನಸ್ಸು ಒಪ್ಪಲಿಲ್ಲ. ಆರು, ಏಳನೇ ತರಗತಿಯ ಮಕ್ಕಳು, ಜೊತೆಗೆ ನಾನು ಮತ್ತು ಇಬ್ಬರು ಪೋಷಕರು, ಶಾಲೆಗೆ ಬರುವ ದಾರಿಗಳ ಅಕ್ಕಪಕ್ಕದ ಹೊಂಡಗಳನ್ನೆಲ್ಲ ದೂರದಿಂದಲೇ ನೋಡಿ ಬಂದೆವು. ಯಾವುದಕ್ಕೆ ತಂತಿಬೇಲಿ ಇದೆ, ಯಾವುದಕ್ಕಿಲ್ಲ, ಗೂಟಕ್ಕೆ ಕಟ್ಟಿದ ಹಗ್ಗವೋ ಗಾಳಿ ತುಂಬಿದ ಟ್ಯೂಬೋ ಇದೆಯೇ ಎಂದು ಮಕ್ಕಳೇ ನಕ್ಷೆಯಲ್ಲಿ ಗುರುತು ಹಾಕಿದರು. ಯಾರಾದರೂ ಬಿದ್ದರೆ ನೀರಿಗೆ ಇಳಿಯದೆ, ಮಲಗಿ ಹಗ್ಗವನ್ನೋ ಉದ್ದನೆಯ ಕೋಲನ್ನೋ ಚಾಚಿ ಕೂಗಿ ಕರೆಯುವುದನ್ನು ಶಾಲೆಯ ಅಂಗಳದಲ್ಲಿ ಅಭ್ಯಾಸ ಮಾಡಿದರು. ಆ ನಕ್ಷೆಯನ್ನು ಮಕ್ಕಳ ಗ್ರಾಮಸಭೆಯಲ್ಲಿ ಅಧ್ಯಕ್ಷರ ಮುಂದಿಟ್ಟದ್ದು ಮೊದಲ ಕವಲಿನಲ್ಲಿ ಕುಳಿತವಳ ಅಣ್ಣ. ಕೆಲವು ಮಾಲೀಕರು ಆ ವಾರವೇ ಹಗ್ಗ, ಟ್ಯೂಬು ಕಟ್ಟಿದರು. ಬೇಲಿಗೆ ದುಡ್ಡಿಲ್ಲ ಎಂದವರಿಗೆ ಪಂಚಾಯಿತಿಯಿಂದ ಏನಾದರೂ ಆಗುತ್ತದೆಯೇ ಎಂದು ಕೇಳಿದ್ದೇವೆ. ಕೆರೆಯ ಹಿಂದಿನ ದಾರಿಯ ಹೊಂಡಗಳು ಇನ್ನೂ ಹಾಗೆಯೇ ಇವೆ. ಮುಂಗಾರು ತುಂಬುವ ಮೊದಲು ಆ ಮನೆಗಳಿಗೆ ಮಕ್ಕಳೊಡನೆ ಹೋಗಿ ಬರಬೇಕಾಗಿದೆ.